ನಿಮ್ಮದು ಯಾವ ಟೀಮು?

ಆಫೀಸಿನಲ್ಲಿ ಫುಟ್‌ಬಾಲ್ ಮಾತು ಶುರುವಾದರೆ ಈ ಪ್ರಶ್ನೆ ನನ್ನ ತನಕ ಬಂದೇ ಬರುತ್ತದೆ. "ನಿಮ್ಮದು ಯಾವ ಟೀಮು ಸರ್? ಲಿವರ್‌ಪೂಲಾ, ಮ್ಯಾಂಚೆಸ್ಟರಾ?"

"ಬ್ಲೈತ್ ಸ್ಪಾರ್ಟನ್ಸ್" ಅನ್ನುತ್ತೇನೆ.

ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಾರೆ. ಕೆಲವರು ಫೋನ್ ತೆಗೆದು ಹುಡುಕುತ್ತಾರೆ. ಒಬ್ಬ ಹುಡುಗ ಅಂತೂ "ಅದು ವಿಡಿಯೋ ಗೇಮ್ ಟೀಮಾ ಸರ್?" ಎಂದಿದ್ದ. ಆಮೇಲೆ ಎಲ್ಲರೂ ಕೇಳುವುದು ಒಂದೇ: ಏನೂ ಗೆಲ್ಲದ, ಟಿವಿಯಲ್ಲೂ ಬರದ ಈ ಟೀಮು ಯಾಕೆ? ಪ್ರತಿ ಸಲ ಅರ್ಧ ಹೇಳಿ ಬಿಡುತ್ತಿದ್ದೆ. ಇವತ್ತು ಪೂರ್ತಿ ಬರೆಯುತ್ತೇನೆ.

ಕೆಲಸದ ಮೇಲೆ ಒಂದೂವರೆ ವರ್ಷ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿದ್ದೆ. ಅಲ್ಲಿ ದೊಡ್ಡ ಮ್ಯಾಚಿನ ಟಿಕೆಟ್ ಸಿಗುವುದು ಕಷ್ಟ, ಸಿಕ್ಕರೂ ರೇಟು ನೋಡಿ ಹೊಟ್ಟೆ ಉರಿಯುತ್ತದೆ. ಜೊತೆಗೆ ಕೆಲಸ ಮಾಡುವವನೊಬ್ಬ "ಬ್ಲೈತ್‌ಗೆ ಹೋಗು, ಬಸ್ಸಿದೆ" ಎಂದ. ಉತ್ತರ ಸಮುದ್ರದ ದಡದಲ್ಲಿರುವ ಬಂದರಿನ ಊರು ಅದು. ಒಂದು ಕಾಲದಲ್ಲಿ ಸುತ್ತಲಿನ ಗಣಿಗಳ ಕಲ್ಲಿದ್ದಲೆಲ್ಲ ಅಲ್ಲಿಂದಲೇ ಹಡಗು ಹತ್ತುತ್ತಿತ್ತು. 1960ರ ದಶಕದ ಆರಂಭದಲ್ಲಿ ವರ್ಷಕ್ಕೆ 60 ಲಕ್ಷ ಟನ್ನಿಗೂ ಜಾಸ್ತಿ. ನಾನು ಹೋದಾಗ ಗಣಿಯೂ ಇರಲಿಲ್ಲ, ರೈಲೂ ಇರಲಿಲ್ಲ. ಪ್ಯಾಸೆಂಜರ್ ರೈಲು 1964ರಲ್ಲೇ ನಿಂತುಹೋಗಿತ್ತು.

ಮೈದಾನದ ಹೆಸರು ಕ್ರಾಫ್ಟ್ ಪಾರ್ಕ್. ಸುತ್ತ ಸಾಲು ಮನೆಗಳು, ಮಧ್ಯೆ ಮೈದಾನ. ಗೇಟಿನಲ್ಲಿ ದುಡ್ಡು ಕೊಟ್ಟು ಒಳಗೆ ಹೋದೆ. ಚಹಾ ಕೌಂಟರಿನ ಹೆಂಗಸು "ಸಕ್ಕರೆ ಹಾಕಲಾ, ಪೆಟ್?" ಎಂದರು. ನಮ್ಮ ಕಡೆ "ಮಗಾ" ಅಂದ ಹಾಗೆ, ಆ ಸೀಮೆಯಲ್ಲಿ ಗೊತ್ತಿಲ್ಲದವರನ್ನೂ ಪೆಟ್ ಅನ್ನುತ್ತಾರೆ. ಲೋಟ ಹಿಡಿದು ಕಂಬಿಗೆ ಒರಗಿ ನಿಂತರೆ ಆಟಗಾರರು ಮೂರಡಿ ದೂರದಲ್ಲಿ ಓಡುತ್ತಿದ್ದರು. ಏದುಸಿರು ಕೇಳುತ್ತಿತ್ತು. ಬೈಗುಳವೂ ಕೇಳುತ್ತಿತ್ತು, ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಪಕ್ಕದಲ್ಲಿ ಹಸಿರು-ಬಿಳಿ ಮಫ್ಲರ್ ಸುತ್ತಿಕೊಂಡ ಒಬ್ಬ ಅಜ್ಜ. ಎಲ್ಲಿಂದ ಬಂದೆ ಎಂದು ಕೇಳಿದವರು, ಉತ್ತರಕ್ಕೂ ಕಾಯದೆ ಮೈದಾನದ ಮೂಲೆಯತ್ತ ಕೈ ತೋರಿಸಿ "ಬಾವುಟದ ಕಥೆ ಗೊತ್ತಾ?" ಎಂದರು.

ಆ ಕಥೆಗೆ ಮುಂಚೆ ಒಂಚೂರು ಹಿನ್ನೆಲೆ ಬೇಕು. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಮೇಲಿನ ನಾಲ್ಕು ಹಂತಗಳಲ್ಲಿ 92 ಕ್ಲಬ್‌ಗಳು. ಅದರ ಕೆಳಗಿನದೆಲ್ಲ ನಾನ್-ಲೀಗ್. ಅಲ್ಲಿ ಆಡುವವರಲ್ಲಿ ಬಹಳ ಮಂದಿಗೆ ಹೊಟ್ಟೆಪಾಡಿಗೆ ಬೇರೆ ಕೆಲಸ ಇರುತ್ತದೆ. 1987ರ ತನಕ ಕೆಳಗಿನವರು ಲೀಗ್ ಗೆದ್ದರೂ ತಾನಾಗಿ ಆ 92ರೊಳಗೆ ಹೋಗುವ ಹಾಗಿರಲಿಲ್ಲ. ಒಳಗಿರುವವರು ಓಟು ಹಾಕಿ ಸೇರಿಸಿಕೊಳ್ಳಬೇಕಿತ್ತು. ಸೇರಿಸಿಕೊಳ್ಳುತ್ತಿದ್ದದ್ದು ಅಪರೂಪ, ಯಾರು ತಾನೇ ತಮ್ಮ ಕುರ್ಚಿ ಬಿಡುತ್ತಾರೆ? ಆದರೆ ಸೋತವರು ಹೊರಬೀಳುವ ಎಫ್‌ಎ ಕಪ್ ಪಂದ್ಯಾವಳಿಯಲ್ಲಿ ಮಾತ್ರ ದೊಡ್ಡವರು ಚಿಕ್ಕವರು ಎಲ್ಲರ ಚೀಟಿಯೂ ಒಂದೇ ಚೀಲಕ್ಕೆ ಬೀಳುತ್ತದೆ. ಚಿಕ್ಕವರು ಆಗಸ್ಟ್‌ನಿಂದಲೇ ಸುತ್ತು ಸುತ್ತು ಗೆದ್ದು ಬರಬೇಕು, ಅಷ್ಟೇ.

ಬ್ಲೈತ್ ಸ್ಪಾರ್ಟನ್ಸ್ ಹುಟ್ಟಿದ್ದು 1899ರಲ್ಲಿ. ಹಳೆಯ ಗ್ರೀಸಿನ ಸ್ಪಾರ್ಟಾ ಸೈನಿಕರ ಹಾಗೆ ನಮ್ಮ ಹುಡುಗರೂ ಜೀವ ಕೊಟ್ಟು ಆಡಲಿ ಅಂತ ಮೊದಲ ಕಾರ್ಯದರ್ಶಿ ಫ್ರೆಡ್ ಸ್ಟೋಕರ್ ಆ ಹೆಸರಿಟ್ಟರಂತೆ. ಕಲ್ಲಿದ್ದಲ ಮಸಿಯ ಊರಿಗೆ ಎಂಥ ಹೆಸರು ನೋಡಿ!

1977-78ರಲ್ಲಿ ಅವರು ನಾರ್ದರ್ನ್ ಲೀಗ್ ಅನ್ನುವ ಪ್ರಾದೇಶಿಕ ಲೀಗ್‌ನಲ್ಲಿದ್ದರು. ಮ್ಯಾನೇಜರ್ ಬ್ರಯಾನ್ ಸ್ಲೇನ್ ಶಾಲೆಯ ಮೇಷ್ಟ್ರು. ಅಲನ್ ಶೋಲ್ಡರ್ ಗಣಿ ಕಾರ್ಮಿಕ. ಸ್ಟೀವ್ ಕಾರ್ನಿ ಎಲೆಕ್ಟ್ರಿಷಿಯನ್. ಆ ವರ್ಷದ ಎಫ್‌ಎ ಕಪ್‌ನಲ್ಲಿ ಅರ್ಹತಾ ಸುತ್ತುಗಳನ್ನು ದಾಟಿ ಬಂದರು. ಚೆಸ್ಟರ್‌ಫೀಲ್ಡ್ ಸೋತಿತು. ಎನ್‌ಫೀಲ್ಡ್ ಸೋತಿತು. ನಾಲ್ಕನೇ ಸುತ್ತಿನಲ್ಲಿ ಎರಡನೇ ಡಿವಿಜನ್‌ನ ಸ್ಟೋಕ್ ಸಿಟಿ, ಅದೂ ಅವರ ಮೈದಾನದಲ್ಲಿ. ಮೊದಲು ಗೋಲು ಹೊಡೆದು, ಆಮೇಲೆ 2-1ರಿಂದ ಹಿಂದೆ ಬಿದ್ದು, ಕಾರ್ನಿ ಒಂದು ಗೋಲು, ಕೊನೆಯ ನಿಮಿಷಗಳಲ್ಲಿ ಟೆರ್ರಿ ಜಾನ್ಸನ್ ಇನ್ನೊಂದು. 3-2. ನಾನ್-ಲೀಗ್ ಟೀಮೊಂದು ಐದನೇ ಸುತ್ತಿಗೆ ಬಂದದ್ದು 1949ರಲ್ಲಿ ಯೋವಿಲ್ ಬಂದ ಮೇಲೆ ಅದೇ ಮೊದಲು.

ಐದನೇ ಸುತ್ತು ರೆಕ್ಸ್‌ಹ್ಯಾಮ್ ಮೇಲೆ. ಹೌದು, ಈಗ ಹಾಲಿವುಡ್ ನಟರು ಕೊಂಡುಕೊಂಡಿದ್ದಾರಲ್ಲ, ಅದೇ ರೆಕ್ಸ್‌ಹ್ಯಾಮ್. ಆಗ ಮೂರನೇ ಡಿವಿಜನ್. ಫೆಬ್ರವರಿ 18, 1978. ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಶುರುವಿನಲ್ಲೇ ಎದುರಿನವನ ಬ್ಯಾಕ್ ಪಾಸ್ ಎಡವಟ್ಟಾಗಿ ಜಾನ್ಸನ್ ಗೋಲು ಹೊಡೆದ. ಆಟದ ಕೊನೆಯ ನಿಮಿಷದವರೆಗೂ 1-0. ಗೆದ್ದರೆ ಕ್ವಾರ್ಟರ್ ಫೈನಲ್‌ನಲ್ಲಿ ಎದುರಿಗೆ ಆರ್ಸೆನಲ್.

ಆಗ ರೆಕ್ಸ್‌ಹ್ಯಾಮ್‌ಗೆ ಒಂದು ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಚೆಂಡು ಒದೆಯುವ ಅವಕಾಶ, ಸಿಕ್ಕಿತು. ಹೊಡೆದರು. ಬ್ಲೈತ್‌ನವರು ತಡೆದೂ ಬಿಟ್ಟರು. ರೆಫ್ರಿ ಸೀಟಿ ಊದಿದ. ಮೂಲೆಯ ಬಾವುಟ ಬಿದ್ದುಹೋಗಿದೆ, ಕಾರ್ನರ್ ಇನ್ನೊಮ್ಮೆ ಹೊಡೆಯಿರಿ ಎಂದ. ಆ ಕಲ್ಲು ನೆಲದಲ್ಲಿ ಬಾವುಟದ ಕೋಲು ಸರಿಯಾಗಿ ಊರಿಯೇ ಇರಲಿಲ್ಲ. ಮತ್ತೆ ಹೊಡೆದಾಗ ಡಿಕ್ಸಿ ಮೆಕ್‌ನೀಲ್ ಚೆಂಡನ್ನು ಒಳಗೆ ನುಗ್ಗಿಸಿದ. 1-1.

ಅಜ್ಜ ಇಷ್ಟು ಹೇಳಿ, ತಮ್ಮ ಛತ್ರಿಯ ಮೊನೆಯನ್ನು ಕಾಲ ಬಳಿಯ ಮಣ್ಣಿಗೆ ಒತ್ತಿ ತಿರುಗಿಸಿ ನಿಲ್ಲಿಸಿದರು. ಕೈ ಬಿಟ್ಟರು. ಛತ್ರಿ ನಿಂತಿತ್ತು. "ಇಷ್ಟು ಮಾಡಿದ್ದರೆ ಸಾಕಿತ್ತು" ಎಂದರು.

ಮರುಪಂದ್ಯಕ್ಕೆ ಕ್ರಾಫ್ಟ್ ಪಾರ್ಕ್ ಸಾಲದು ಅಂತ ನ್ಯೂಕಾಸಲ್‌ನ ಸೇಂಟ್ ಜೇಮ್ಸ್ ಪಾರ್ಕ್‌ನಲ್ಲಿ ಆಡಿಸಿದರು. 42 ಸಾವಿರಕ್ಕೂ ಜಾಸ್ತಿ ಜನ ಬಂದರು. ಬ್ಲೈತ್ ಊರಿನ ಜನಸಂಖ್ಯೆಯೇ ಇವತ್ತಿಗೂ ಅಷ್ಟಿಲ್ಲ. ಬ್ಲೈತ್ 2-1ರಿಂದ ಸೋತಿತು. ಶೋಲ್ಡರ್ ಅದೇ ವರ್ಷ ಗಣಿ ಬಿಟ್ಟು ನ್ಯೂಕಾಸಲ್ ಯುನೈಟೆಡ್‌ಗೆ ಆಡಲು ಹೋದ. ಮರುವರ್ಷ ಕಾರ್ನಿಯೂ ಹಿಂದೆಯೇ ಹೋದ.

ಈ ಕಥೆ ಅಲ್ಲಿ ಎಲ್ಲರ ಬಾಯಲ್ಲೂ ಇದೆ. ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಇನ್ನೊಂದು, ಅಜ್ಜ ಹೇಳದೇ ಬಿಟ್ಟದ್ದು. ಮೊದಲ ಮಹಾಯುದ್ಧದಲ್ಲಿ ಗಂಡಸರು ರಣರಂಗಕ್ಕೆ ಹೋದಾಗ ಬ್ಲೈತ್ ಬಂದರಿನಲ್ಲಿ ಮದ್ದುಗುಂಡಿನ ಕೆಲಸಕ್ಕೆ ನಿಂತವರು ಹೆಂಗಸರು. ಬಿಡುವಿನಲ್ಲಿ ಸಮುದ್ರದ ದಡದಲ್ಲಿ ಚೆಂಡು ಒದೆಯುತ್ತಿದ್ದರು. ನೌಕಾಪಡೆಯ ಹುಡುಗರು ಆಟ ಹೇಳಿಕೊಟ್ಟರಂತೆ. 1917ರಲ್ಲಿ ಅದೇ ಒಂದು ಟೀಮಾಯಿತು, ಸ್ಪಾರ್ಟನ್ಸ್ ಹೆಸರಲ್ಲೇ. ಅವರಲ್ಲಿ ಬೆಲ್ಲಾ ರೇ ಅನ್ನುವ ಗಣಿ ಕಾರ್ಮಿಕನ ಮಗಳು ಒಂದೇ ಸೀಸನ್‌ನಲ್ಲಿ 133 ಗೋಲು ಹೊಡೆದಳು. ಇನ್ನೊಮ್ಮೆ ಓದಿ: 133. ಆ ಸೀಸನ್‌ನಲ್ಲಿ ಟೀಮು ಒಂದು ಪಂದ್ಯವನ್ನೂ ಸೋಲಲಿಲ್ಲ. 1918ರ ಮೇ ತಿಂಗಳಲ್ಲಿ ಮಿಡಲ್ಸ್‌ಬ್ರೋದ ಮೈದಾನದಲ್ಲಿ ನಡೆದ ಕಪ್ ಫೈನಲ್ ಮರುಪಂದ್ಯದಲ್ಲಿ ಬೋಲ್ಕೋ ವಾನ್ ಕಾರ್ಖಾನೆಯ ಹೆಂಗಸರನ್ನು 5-0ರಿಂದ ಸೋಲಿಸಿದರು. ಬೆಲ್ಲಾದು ಹ್ಯಾಟ್ರಿಕ್.

ಯುದ್ಧ ಮುಗಿಯಿತು, ಕೆಲಸ ಹೋಯಿತು, ಟೀಮೂ ಹೋಯಿತು. 1921ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್‌ಗಳ ಮೈದಾನದಲ್ಲಿ ಹೆಂಗಸರು ಆಡುವುದನ್ನೇ ನಿಷೇಧಿಸಿತು. ಆಟ ಹೆಂಗಸರಿಗೆ ಹೊಂದುವುದಿಲ್ಲವಂತೆ. ಹೊರೆ ಹೊರುವುದು ಹೊಂದುತ್ತಿತ್ತು! ಆ ನಿಷೇಧ ಸುಮಾರು 50 ವರ್ಷ ಇತ್ತು. ಬಾವುಟ ಬಿದ್ದದ್ದಕ್ಕೆ ಆ ಊರು ಇನ್ನೂ ಮರುಗುತ್ತದೆ. ಬೆಲ್ಲಾಳ ಹೆಸರು ಮಾತ್ರ ಎಷ್ಟೋ ವರ್ಷ ಯಾರ ಬಾಯಲ್ಲೂ ಇರಲಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೆ.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. 2015ರ ಜನವರಿಯಲ್ಲಿ ಮತ್ತೆ ಎಫ್‌ಎ ಕಪ್ ಮೂರನೇ ಸುತ್ತು, ಕ್ರಾಫ್ಟ್ ಪಾರ್ಕ್‌ಗೆ ಬರ್ಮಿಂಗ್‌ಹ್ಯಾಮ್ ಸಿಟಿ ಬಂತು. ಅರ್ಧ ಆಟಕ್ಕೆ ಬ್ಲೈತ್ 2-0, ಎರಡೂ ರಾಬಿ ಡೇಲ್ ಹೊಡೆದದ್ದು. ಆಟ ಮುಗಿದಾಗ 2-3. 2017ರಲ್ಲಿ ನಾರ್ದರ್ನ್ ಪ್ರೀಮಿಯರ್ ಲೀಗ್ ಗೆದ್ದು ನ್ಯಾಷನಲ್ ಲೀಗ್ ನಾರ್ತ್‌ಗೆ ಹತ್ತಿದರು. 2024ರಲ್ಲಿ ಇಳಿದರು.

"ಅಷ್ಟೆಲ್ಲ ಸರಿ, ಟಿವಿಯಲ್ಲಿ ಬರಲ್ಲವಲ್ಲ, ಹೇಗೆ ನೋಡ್ತೀರಾ?" ಅನ್ನುವುದು ಕೊನೆಯ ಪ್ರಶ್ನೆ. ನೋಡುವುದಿಲ್ಲ. ಚಳಿಗಾಲದಲ್ಲಿ ಶನಿವಾರ ಅಲ್ಲಿ ಮಧ್ಯಾಹ್ನ ಮೂರಕ್ಕೆ ಆಟ ಶುರುವಾದರೆ ನಮಗೆ ರಾತ್ರಿ ಎಂಟೂವರೆ. ಊಟ ಮಾಡಿ, ಪಾತ್ರೆ ತೊಳೆದಿಟ್ಟು, ಹತ್ತೂವರೆ ಹೊತ್ತಿಗೆ ಫೋನಿನಲ್ಲಿ ಸ್ಕೋರ್ ನೋಡುತ್ತೇನೆ. ಮೊದಮೊದಲು ನನ್ನ ಹೆಂಡತಿ "ಗೆದ್ರೇನ್ರೀ?" ಅಂತ ಕೇಳುತ್ತಿದ್ದಳು. ಈಗ ಕೇಳುವುದಿಲ್ಲ, ಮುಖ ನೋಡಿ ದೀಪ ಆರಿಸುತ್ತಾಳೆ.