ದತ್ತಿ ಪುಸ್ತಕ ತೆರೆದ ಮೇಲೆ

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಹಳೆ ವಿದ್ಯಾರ್ಥಿಗಳ ಪಟ್ಟಿ ಮುಂದಿಟ್ಟುಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದೆ. ನಮ್ಮದು ಜಿಲ್ಲಾ ಕೇಂದ್ರದ ಹಳೆಯ ಅನುದಾನಿತ ಪದವಿ ಕಾಲೇಜು. ರಸಾಯನಶಾಸ್ತ್ರ ಲ್ಯಾಬ್ ರಿಪೇರಿಗೆ ಹಣ ಬೇಕಿತ್ತು. ಹಳೆ ವಿದ್ಯಾರ್ಥಿಗಳನ್ನು ಸಂಪರ್ಕಿಸಿ ದೇಣಿಗೆ ಕೂಡಿಸುವುದು ನನ್ನ ಕೆಲಸ. ಆಗ ನಾನು ಸೇರಿ ಒಂದು ವರ್ಷವೂ ಆಗಿರಲಿಲ್ಲ.

ಪಟ್ಟಿಯಲ್ಲಿದ್ದ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ ಕೇಳಿದರು. "ಆಗ್ಲಮ್ಮ, ನೋಡೋಣ. ಅದಕ್ಕೆ ಮೊದಲು ಒಂದು ಹೇಳು. ನಮ್ಮಮ್ಮನ ಹೆಸರಲ್ಲಿ ಒಂದು ದತ್ತಿ ಬಹುಮಾನ ಇಟ್ಟಿದ್ದೆ. ಕನ್ನಡದಲ್ಲಿ ಜಾಸ್ತಿ ಮಾರ್ಕ್ಸ್ ತಗೊಂಡ ಹುಡುಗೀಗೆ. ಈ ವರ್ಷ ಯಾರಿಗೆ ಕೊಟ್ರಿ?"

ನನಗೆ ಗೊತ್ತಿರಲಿಲ್ಲ. ಅಂಥ ಒಂದು ಬಹುಮಾನ ಇದೆ ಅನ್ನುವುದೇ ಗೊತ್ತಿರಲಿಲ್ಲ. "ವಿಚಾರಿಸಿ ಹೇಳ್ತೀನಿ ಸರ್" ಅಂದೆ. "ಹೇಳು, ಕಾಯ್ತೀನಿ" ಅಂದರು. ಆ ದಿನ ಪಟ್ಟಿಯಲ್ಲಿ ಉಳಿದವರಿಗೆ ಫೋನ್ ಮಾಡಲು ನನಗೆ ಮನಸ್ಸಾಗಲಿಲ್ಲ.

ಲೆಕ್ಕಪತ್ರ ವಿಭಾಗದ ಬೀರುವಿನ ಕೆಳಗಿನ ಖಾನೆಯಲ್ಲಿ ದತ್ತಿ ಪುಸ್ತಕ ಸಿಕ್ಕಿತು. ಕೆಂಪು ಬಟ್ಟೆ ಹೊದಿಸಿದ ದಪ್ಪ ಲೆಡ್ಜರ್. ಅದರಲ್ಲಿ 64 ದತ್ತಿಗಳು. ಮೊದಲನೆಯದು 1968ರದು, 500 ರೂಪಾಯಿ. ನಿವೃತ್ತರಾದ ಮೇಷ್ಟ್ರ ಹೆಸರಿನಲ್ಲಿ ಅವರ ಕೊನೆಯ ಬ್ಯಾಚಿನ ಹುಡುಗರು ಸೇರಿಸಿ ಕೊಟ್ಟದ್ದು. ಓದುತ್ತಿದ್ದಾಗಲೇ ತೀರಿಕೊಂಡ ಮಗನ ಹೆಸರಿನಲ್ಲಿ ಒಬ್ಬ ತಂದೆ ಇಟ್ಟದ್ದು ಇನ್ನೊಂದು. ಅಡಿಕೆ ಮಂಡಿ ಸಾಹುಕಾರರೊಬ್ಬರು ಲೆಕ್ಕಶಾಸ್ತ್ರಕ್ಕೆ ಕೊಟ್ಟದ್ದು ಮತ್ತೊಂದು. ಪ್ರತಿಯೊಂದರ ಎದುರೂ ಎರಡು ಸಾಲು ಬರೆದಿತ್ತು: ಹಣ ಯಾವುದಕ್ಕೆ, ಯಾರಿಗೆ ಸಲ್ಲಬೇಕು. ನಾನು ಆ ಪುಸ್ತಕವನ್ನು ಎರಡು ಸಂಜೆ ಕೂತು ಓದಿದೆ.

ಹಣವನ್ನು ಯಾರೂ ಮುಟ್ಟಿರಲಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಠೇವಣಿಗಳೆಲ್ಲ ಕಾಲಕಾಲಕ್ಕೆ ನವೀಕರಣ ಆಗುತ್ತಲೇ ಬಂದಿದ್ದವು. ಕೆಟ್ಟದ್ದು ಬಡ್ಡಿಯ ಲೆಕ್ಕ. ದತ್ತಿಯಲ್ಲಿ ಅಸಲು ಮುಟ್ಟುವಂತಿಲ್ಲ, ಬಡ್ಡಿಯಲ್ಲೇ ಬಹುಮಾನ ಕೊಡಬೇಕು. 1990ರ ದಶಕದ ಮೊದಲ ವರ್ಷಗಳಲ್ಲಿ ಬ್ಯಾಂಕ್ ಠೇವಣಿಗೆ ಶೇಕಡಾ 11, 12ರಷ್ಟು ಬಡ್ಡಿ ಬರುತ್ತಿತ್ತು. 10,000 ಇಟ್ಟರೆ ವರ್ಷಕ್ಕೆ 1,100. ಆ ಕಾಲಕ್ಕೆ ಹುಡುಗಿಯೊಬ್ಬಳ ವರ್ಷದ ಪುಸ್ತಕ, ಬಸ್ ಪಾಸ್ ಎಲ್ಲ ಅದರಲ್ಲೇ ಆಗುತ್ತಿತ್ತು. ಈಗ ಶೇಕಡಾ ಆರೂವರೆ ಅಂತ ಹಿಡಿದರೆ 650 ರೂಪಾಯಿ. ಒಂದು ಪಠ್ಯಪುಸ್ತಕ ಬಂದರೆ ಹೆಚ್ಚು. 1968ರ 500 ರೂಪಾಯಿಗೆ ವರ್ಷಕ್ಕೆ 33 ರೂಪಾಯಿ ಕೂಡ ಬರುವುದಿಲ್ಲ.

ಹಾಗಾಗಿ ಕೆಲವು ವರ್ಷಗಳ ಹಿಂದೆ ಎಲ್ಲ ಬಡ್ಡಿಯನ್ನೂ ಒಟ್ಟು ಸೇರಿಸಿ, ಒಳ್ಳೆ ಅಂಕ ಪಡೆದವರಿಗೆಲ್ಲ ಒಂದೇ ಥರದ ಫಲಕ, ಒಂದೇ ಥರದ ಪ್ರಮಾಣಪತ್ರ ಕೊಡುವುದು ಅಂತ ತೀರ್ಮಾನ ಆಗಿತ್ತು. ದತ್ತಿ ಇಟ್ಟವರ ಹೆಸರು ಓದುವುದು ನಿಂತುಹೋಗಿತ್ತು. ಯಾವ ಮನೆಯವರಿಗೂ ಒಂದು ಕಾಗದ ಹೋಗಿರಲಿಲ್ಲ.

ಒಂಬತ್ತು ದಿನ ಬಿಟ್ಟು ಆ ಬ್ಯಾಂಕ್ ಅಧಿಕಾರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ ಅಂದರು: "ನಮ್ಮಮ್ಮಂಗೆ ಸಹಿ ಮಾಡೋಕೆ ಬರ್ತಿರ್ಲಿಲ್ಲ. ವರ್ಷಕ್ಕೊಂದ್ಸಲ ಅವಳ ಹೆಸರು ಕಾಲೇಜಿನ ಸ್ಟೇಜ್ ಮೇಲೆ ಓದ್ತಾರೆ ಅಂತ ಇಟ್ಟಿದ್ದಮ್ಮ. ನಾಲ್ಕು ವರ್ಷದಿಂದ ಯಾರೂ ಓದಿಲ್ಲ ಅನ್ನು."

ನನ್ನ ಕೆಲಸ ಏನು ಅನ್ನುವುದು ನನಗೆ ತಿಳಿದದ್ದು ಆ ಮಾತಿನಿಂದ. ಕೊಟ್ಟವರು ಏನಕ್ಕೆ ಕೊಟ್ಟರು ಅನ್ನುವುದನ್ನು ಕಾಯುವುದು ಮೊದಲ ಕೆಲಸ. ಹೊಸದಾಗಿ ಕೇಳುವುದೆಲ್ಲ ಅದರ ಹಿಂದೆ ಬರಬೇಕು. ನಾವು ಉಲ್ಟಾ ಮಾಡುತ್ತಿದ್ದೆವು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆ ಅಂದಾಗ ಮಾತ್ರ ನಮಗೆ ಹಳೆ ವಿದ್ಯಾರ್ಥಿಗಳ ನೆನಪು. ಅದರ ಐದನೇ ಮಾನದಂಡದಲ್ಲಿ ಹಳೆ ವಿದ್ಯಾರ್ಥಿಗಳ ಕೊಡುಗೆಗೂ ಅಂಕ ಇತ್ತು, ಅಲ್ವಾ? ಆಗ ಎಲ್ಲರಿಗೂ ಅವಸರದಲ್ಲಿ ಫೋನ್. ಮುಗಿದ ಮೇಲೆ ಮತ್ತೆ ಐದು ವರ್ಷ ಮೌನ.

ಒಂದು ವರ್ಷ ಹೊಸ ಹಣ ಕೇಳುವುದೇ ಬೇಡ ಅಂತ ಪ್ರಾಂಶುಪಾಲರ ಹತ್ತಿರ ಹೇಳಿದೆ. ಆಡಳಿತ ಮಂಡಳಿಯಲ್ಲಿ ಇದು ಸುಲಭಕ್ಕೆ ಒಪ್ಪಿಗೆ ಆಗಲಿಲ್ಲ. ಒಬ್ಬ ಹಿರಿಯ ಸದಸ್ಯರು ಪೇಪರ್ ಸುದ್ದಿಗಳನ್ನು ನೆನಪಿಸಿದರು. 2022ರಲ್ಲಿ ಐಟಿ ಉದ್ಯಮದ ಬಾಗ್ಚಿ ದಂಪತಿ, ಪಾರ್ಥಸಾರಥಿ ದಂಪತಿ ಸೇರಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 425 ಕೋಟಿ ಕೊಟ್ಟರು, 2023ರಲ್ಲಿ ನಂದನ್ ನಿಲೇಕಣಿ ತಾವು ಓದಿದ ಬಾಂಬೆ ಐಐಟಿಗೆ 315 ಕೋಟಿ ಕೊಟ್ಟರು, ನಮಗೂ ಅಂಥ ಒಬ್ಬರನ್ನು ಹುಡುಕಬಾರದೇ ಅಂತ. ಅವರ ಆಸೆ ಪ್ರಾಮಾಣಿಕವಾದದ್ದೇ. ಆದರೆ ನಿಲೇಕಣಿಯವರು ಆ ಕಾಲೇಜು ಸೇರಿದ್ದು 1973ರಲ್ಲಿ. 315 ಕೋಟಿಗೆ ಮುಂಚೆಯೇ ವರ್ಷಗಳ ಕಾಲ ಕೊಡುತ್ತಾ ಬಂದು 85 ಕೋಟಿ ಕೊಟ್ಟಿದ್ದರು. ಮೊದಲು ಕೊಟ್ಟದ್ದು ಸರಿಯಾಗಿ ಬಳಕೆಯಾಯಿತು ಅಂತ ಕಂಡಿದ್ದರಿಂದಲೇ ಮುಂದೆಯೂ ಕೊಟ್ಟಿರಬೇಕು ಅಂತ ನಾನು ನಂಬುತ್ತೇನೆ. ಇದನ್ನು ಹೇಳಿದ ಮೇಲೆ ಸಭೆ ಒಪ್ಪಿತು.

ಮನೆಗಳನ್ನು ಹುಡುಕಲು ಶುರು ಮಾಡಿದೆವು. ಹಳೆ ಗುಮಾಸ್ತರು, ನಿವೃತ್ತ ಅಟೆಂಡರ್, ಊರಿನ ಅಂಚೆಯಣ್ಣ, ಎಲ್ಲರನ್ನೂ ಕೇಳಿದೆವು. 64ರಲ್ಲಿ 41 ಮನೆಗಳು ಸಿಕ್ಕವು. ಪ್ರತಿ ಮನೆಗೂ ಬರೆದ ಕಾಗದದಲ್ಲಿ ಹಣ ಕೇಳಲಿಲ್ಲ. ದತ್ತಿಯಲ್ಲಿ ಈಗ ಎಷ್ಟಿದೆ, ಬಡ್ಡಿ ಎಷ್ಟು, ಎಷ್ಟು ವರ್ಷ ಹೆಸರು ಓದಿಲ್ಲ ಅಂತ ಬರೆದು ಕ್ಷಮೆ ಕೇಳಿದೆವು. ಒಂದೇ ವಿಷಯದ ಸಣ್ಣ ದತ್ತಿಗಳನ್ನು ಸೇರಿಸಿ, ಎರಡೂ ಹೆಸರನ್ನು ಓದಬಹುದೇ ಅಂತ ಬರಹದಲ್ಲಿ ಒಪ್ಪಿಗೆ ಕೇಳಿದೆವು. ದತ್ತಿಯ ಉದ್ದೇಶವನ್ನು ಕಾಲೇಜು ತನ್ನಷ್ಟಕ್ಕೆ ಬದಲಿಸುವಂತಿಲ್ಲ.

ಕೆಲವರು ಉತ್ತರ ಬರೆಯಲಿಲ್ಲ. ಕೆಲವರು ಅಸಲಿಗೆ ಸ್ವಲ್ಪ ಸೇರಿಸಿದರು. ಒಬ್ಬ ಯುವಕ ಬೈಕಿನಲ್ಲಿ 60 ಕಿಲೋಮೀಟರ್ ಬಂದು, ಅಜ್ಜ ಬರೆದ ಎರಡು ಸಾಲನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋದ. ಅಜ್ಜನ ಕೈಬರಹ ಅವರ ಮನೆಯಲ್ಲಿ ಬೇರೆಲ್ಲೂ ಉಳಿದಿರಲಿಲ್ಲವಂತೆ.

ಈಗ ಬಹುಮಾನ ಪಡೆದ ವಿದ್ಯಾರ್ಥಿಯೇ ಆ ಮನೆಗೆ ಕೈಬರಹದಲ್ಲಿ ಕಾಗದ ಬರೆಯಬೇಕು. ಯಾವ ಊರು, ಮನೆಯಲ್ಲಿ ಯಾರಿದ್ದಾರೆ, ಆ ಹಣದಲ್ಲಿ ಏನು ತಗೊಂಡೆ. ನಾವು ಅದನ್ನು ತಿದ್ದುವುದಿಲ್ಲ. ಒತ್ತಕ್ಷರ ತಪ್ಪಿದ್ದರೂ ಹಾಗೇ ಹೋಗಲಿ ಅಂತ ಬಿಡುತ್ತೇವೆ.

ಇದರ ಜೊತೆಗೇ ಒಂದು ಪದವನ್ನೂ ಬಿಟ್ಟೆ: ಡೊನೇಷನ್. ನಮ್ಮ ಕಡೆ ಆ ಪದ ಕೇಳಿದರೆ ಜನಕ್ಕೆ ಹೊಳೆಯುವುದು ಸೀಟಿಗಾಗಿ ಕೊಡುವ ದುಡ್ಡು. ಕ್ಯಾಪಿಟೇಷನ್ ಶುಲ್ಕ ನಿಷೇಧಿಸಿ 1984ರಲ್ಲೇ ಕರ್ನಾಟಕದಲ್ಲಿ ಕಾಯ್ದೆ ಬಂತು, ಆದರೂ ಪದಕ್ಕೆ ಅಂಟಿದ ಕೊಳೆ ಹೋಗಲಿಲ್ಲ. ದತ್ತಿ, ಕೊಡುಗೆ ಅಂದರೆ ಜನ ನಿಂತು ಕೇಳುತ್ತಾರೆ. ಮಗ ಅಥವಾ ಮಗಳು ಈಗ ನಮ್ಮಲ್ಲಿ ಸೇರಬೇಕಿರುವ ಮನೆಯಿಂದ ಆ ವರ್ಷ ನಾವು ಏನನ್ನೂ ತಗೊಳ್ಳುವುದಿಲ್ಲ.

ತೆರಿಗೆ ಉಳಿಯುತ್ತದೆ ಅಂತ ಹೇಳಿ ಕೇಳುವುದನ್ನೂ ಬಿಟ್ಟಿದ್ದೇನೆ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ದೇಣಿಗೆಯ ಮೇಲಿನ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಹಳೆಯದರಲ್ಲಿ ಇರುವವರಿಗೂ 2,000 ರೂಪಾಯಿ ಮೀರಿದ ನಗದಿಗೆ ಸಿಗುವುದಿಲ್ಲ. ಆದರೂ ಪ್ಯಾನ್ ನಂಬರ್ ಸರಿಯಾಗಿ ಬರೆದುಕೊಂಡು, ಮೇ 31ರೊಳಗೆ ತೆರಿಗೆ ಇಲಾಖೆಗೆ ವಿವರ ಸಲ್ಲಿಸಿ, ದೇಣಿಗೆಯ ಪ್ರಮಾಣಪತ್ರವನ್ನು ಕೈಗೆ ತಲುಪಿಸುವುದು ನಮ್ಮ ಹೊಣೆ.

ನನಗೆ ತುಂಬ ಕಷ್ಟ ಅನ್ನಿಸಿದ್ದು ಅಮೆರಿಕದ ಒಬ್ಬರಿಗೆ ಬೇಡ ಅನ್ನುವುದು. ಚಿಕ್ಕಂದಿನಲ್ಲಿ ವಾರಾನ್ನ ಮಾಡಿಕೊಂಡು ಓದಿದವರು. ವಾರಕ್ಕೆ ಏಳು ಮನೆ, ದಿನಕ್ಕೊಂದು ಮನೆಯಲ್ಲಿ ಊಟ. ಈಗಿನ ಬಡ ಹುಡುಗರ ಮಧ್ಯಾಹ್ನದ ಊಟಕ್ಕೆ ಹಣ ಕಳಿಸುತ್ತೇನೆ ಅಂದರು. ಅವರು ಅಲ್ಲಿನ ಪೌರತ್ವ ತಗೊಂಡಿದ್ದಾರೆ. ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಅವರ ಹಣ ವಿದೇಶಿ ದೇಣಿಗೆ. ಅದಕ್ಕೆ ನೋಂದಣಿ ಬೇಕು, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಪ್ರತ್ಯೇಕ ಖಾತೆ ಬೇಕು. ನಮ್ಮಲ್ಲಿ ಎರಡೂ ಇಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಈ ತೊಡಕಿಲ್ಲ. ನಾನು ವಿವರಿಸಿದಾಗ ಅವರಿಗೆ ನೋವಾಯಿತು. "ನಾನು ಹೊರಗಿನವನೇನಮ್ಮಾ?" ಅಂದರು. ಈಗ ಅವರು ತಿಂಗಳಿಗೊಂದು ಸಲ ರಾತ್ರಿ ಎಚ್ಚರವಿದ್ದು, ನಮ್ಮ ಕೊನೆ ವರ್ಷದ ಮಕ್ಕಳಿಗೆ ಆನ್‌ಲೈನಿನಲ್ಲಿ ಇಂಟರ್‌ವ್ಯೂ ತಯಾರಿ ಮಾಡಿಸುತ್ತಾರೆ.

ಕಳೆದ ವಾರ್ಷಿಕೋತ್ಸವಕ್ಕೆ ಆ ಬ್ಯಾಂಕ್ ಅಧಿಕಾರಿ ಬಂದಿದ್ದರು. ಅವರ ತಾಯಿಯ ಹೆಸರನ್ನು ನಾನೇ ಓದಿದೆ. ಬಹುಮಾನ ಪಡೆದ ಹುಡುಗಿಯ ಅಮ್ಮನೂ ಬಂದಿದ್ದರು, ಹೊಲದ ಕೆಲಸ ಬಿಟ್ಟು. ಇಬ್ಬರೂ ಪಕ್ಕಪಕ್ಕದ ಕುರ್ಚಿಯಲ್ಲಿ ಕೂತು ತುಂಬ ಹೊತ್ತು ಮಾತಾಡಿದರು. ಲ್ಯಾಬ್ ರಿಪೇರಿ ಇನ್ನೂ ಅರ್ಧ ಬಾಕಿ ಇದೆ. ಈ ವರ್ಷ ಮತ್ತೆ ಕೇಳಲು ಶುರು ಮಾಡಿದ್ದೇವೆ.

23 ಮನೆಗಳು ಇನ್ನೂ ಸಿಕ್ಕಿಲ್ಲ. 1974ರ ಒಂದು ದತ್ತಿಯ ಎದುರು ವಿಳಾಸ ಅಂತ ಇರುವುದು ಒಂದು ಹಳ್ಳಿಯ ಹೆಸರು ಮತ್ತು "ಬಾವಿ ಪಕ್ಕದ ಮನೆ" ಅಂತ ಮಾತ್ರ. ದಸರಾ ರಜೆಯಲ್ಲಿ ಆ ಕಡೆಯ ಬಸ್ ಹತ್ತಬೇಕು.