ಮೊದಲು ತಿಂಗಳು, ಆಮೇಲೆ ತಾರೀಖು

2019ರ ಸೆಪ್ಟೆಂಬರ್ ತಿಂಗಳ ಒಂದು ಶನಿವಾರ. ಓಕ್‌ಲ್ಯಾಂಡಿನ ಫ್ರೂಟ್‌ವೇಲ್ ಕಡೆಯ ಒಂದು ಚರ್ಚ್ ಹಾಲ್‌ನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಅಮೆರಿಕದಲ್ಲಿ ಆಶ್ರಯ ಕೇಳುವವರಿಗೆ ಅರ್ಜಿ ತುಂಬಿಕೊಡುವ ಕೆಲಸ. ಒಬ್ಬ ವಕೀಲರು ಎಲ್ಲ ಮೇಜುಗಳನ್ನೂ ನೋಡಿಕೊಳ್ಳುತ್ತಿದ್ದರು. ನಮ್ಮಂಥವರು ಕೇಳಿ ಬರೆದುಕೊಳ್ಳಬೇಕು, ಅಷ್ಟೇ.

ನನ್ನ ಮುಂದೆ ಕೂತಿದ್ದ ಹೆಂಗಸಿಗೆ ನಲವತ್ತೈದರ ಆಸುಪಾಸು. ಗ್ವಾಟೆಮಾಲಾದ ವೆವೆತೆನಾಂಗೊ ಪ್ರಾಂತ್ಯದ ಬೆಟ್ಟದೂರಿನವರು. ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರಲ್ಲಿ ಮಾಮ್ ಪಂಗಡದವರು. ಒಂಬತ್ತು ತಿಂಗಳಿಂದ ಇಲ್ಲಿ ಮನೆಗೆಲಸ ಮಾಡಿಕೊಂಡಿದ್ದರು, ಕೈಯಲ್ಲಿ ಒಂದು ಕಾಗದವೂ ಇಲ್ಲದೆ. ಅವರ ಹೆಸರು ಇಲ್ಲಿ ಬೇಡ. ಈಗ ಊರು ಬಿಟ್ಟು ಓಡಿಬಂದದ್ದು ಯಾಕೆ ಅನ್ನುವುದೂ ಬೇಡ. ಅದು ಅವರ ಕೇಸಿಗೆ ಸೇರಿದ್ದು.

ಅವರಿಗೆ ಸ್ಪ್ಯಾನಿಷ್ ಬರುತ್ತಿದ್ದುದು ಅಷ್ಟಕ್ಕಷ್ಟೇ. ಹಾಗಾಗಿ ನಾನು ಇಂಗ್ಲಿಷಿನಲ್ಲಿ ಕೇಳುತ್ತಿದ್ದೆ, ಪಕ್ಕದಲ್ಲಿದ್ದ ನಿವೃತ್ತ ಟೀಚರ್ ಅದನ್ನು ಸ್ಪ್ಯಾನಿಷಿಗೆ ತರುತ್ತಿದ್ದರು, ಅಲ್ಲಿಂದ ಆ ಹೆಂಗಸಿನ ಅಕ್ಕನ ಮಗಳು, ಹದಿನಾರರ ಹುಡುಗಿ, ಮಾಮ್ ಭಾಷೆಗೆ. ಉತ್ತರವೂ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಆಕೆ ಎರಡು ನಿಮಿಷ ಮಾತಾಡಿದ್ದು ನನ್ನ ಹತ್ತಿರ ಬರುವಾಗ ಒಂದು ಸಾಲಾಗಿರುತ್ತಿತ್ತು. ನಡುವೆ ಏನೇನು ಉದುರಿಹೋಯಿತೋ ಅಂತ ನನಗೆ ಒಳಗೊಳಗೇ ಸಂಕಟ.

ಬೇರೆ ಕಡೆ ಯಾರೋ ಅರ್ಧ ತುಂಬಿಕೊಟ್ಟಿದ್ದ ಒಂದು ಪ್ರತಿ ಅವರ ಹತ್ತಿರ ಇತ್ತು. ಅದರಲ್ಲಿ ಮಾತೃಭಾಷೆ ಅನ್ನುವ ಜಾಗದಲ್ಲಿ 'ಸ್ಪ್ಯಾನಿಷ್' ಅಂತಿತ್ತು. ಗ್ವಾಟೆಮಾಲಾ ಅಂದಕೂಡಲೇ ಕೇಳದೆಯೇ ಬರೆದುಬಿಟ್ಟಿದ್ದಾರೆ. ಐದು ಲಕ್ಷಕ್ಕೂ ಹೆಚ್ಚು ಜನ ಆಡುವ ಭಾಷೆ ಮಾಮ್. ನಾನು ಆ ಸಾಲಿನ ಮೇಲೆ ಬೆರಳಿಟ್ಟಾಗ ಅನುವಾದಕ್ಕೂ ಕಾಯದೆ ಆಕೆ ತಲೆಯಾಡಿಸಿ, 'ಮಾಮ್' ಅಂದರು. ಬೆಳಗ್ಗಿಂದ ಅವರ ಬಾಯಿಂದ ನೇರವಾಗಿ ನನ್ನ ಕಿವಿಗೆ ಬಿದ್ದ ಮೊದಲ ಮಾತು ಅದು.

ಕುಟುಂಬದಲ್ಲಿ ಯಾರಿಗಾದರೂ ಹಿಂಸೆ ಆಗಿದೆಯಾ ಅನ್ನುವ ಪ್ರಶ್ನೆ ಬಂತು. ಹುಡುಗಿ ಕೇಳಿದಳು. ಆಕೆ ಟೇಬಲ್ ನೋಡುತ್ತಾ ತುಂಬಾ ಹೊತ್ತು ಮಾತಾಡಿದರು. ಹುಡುಗಿ ಮಾತ್ರ ಬಾಯಿ ಬಿಡಲಿಲ್ಲ. ಅವಳಿಗೂ ಅದು ಗೊತ್ತಿರಲಿಲ್ಲ, ತನ್ನ ತಾತನನ್ನು ಸೈನಿಕರು ಕರೆದುಕೊಂಡು ಹೋಗಿದ್ದರು ಅಂತ. ಟೀಚರ್ ಒಂದು ಲೋಟ ನೀರು ತಂದುಕೊಟ್ಟರು. ಆಮೇಲೆ ನಿಧಾನಕ್ಕೆ ಹೇಳಿದಳು. ಯಾವಾಗ ಅಂತ ಕೇಳಿದೆ. 'ಮೆಕ್ಕೆಜೋಳ ಚಿಕ್ಕಮ್ಮನ ಮೊಣಕಾಲಿನಷ್ಟು ಬಂದಿತ್ತಂತೆ' ಅಂದಳು. ಚಿಕ್ಕಮ್ಮನಿಗೆ ಆಗ ಎಂಟು ವರ್ಷ.

ವಕೀಲರು ಬಗ್ಗಿ ನೋಡಿ, 1982 ಅಂತ ಬರೆಯಿರಿ ಅಂದರು. ಆ ಬೆಟ್ಟಗಳ ಕಡೆಯವರಿಗೆ ಆ ವರ್ಷವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೇನೆಯ ಜನರಲ್ ರಿಯೋಸ್ ಮಾಂಟ್ ಗ್ವಾಟೆಮಾಲಾದ ಅಧಿಕಾರ ಹಿಡಿದ ವರ್ಷ ಅದು. ಸೇನೆ ಊರೂರೇ ಸುಟ್ಟಿತು. 1960ರಿಂದ 1996ರವರೆಗೆ ನಡೆದ ಅಲ್ಲಿನ ಅಂತರ್ಯುದ್ಧದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು ಅಂತ ಸತ್ಯಶೋಧನಾ ಆಯೋಗ 1999ರಲ್ಲಿ ಹೇಳಿತು. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನ. ಆಗ ತಪ್ಪಿಸಿಕೊಂಡು ಅಮೆರಿಕಕ್ಕೆ ಬಂದವರಿಗಾದರೂ ಏನು ಸಿಕ್ಕಿತು? ಎಂಬತ್ತರ ದಶಕದ ನಡುವೆ ಗ್ವಾಟೆಮಾಲಾದವರ ಅರ್ಜಿಗಳಲ್ಲಿ ನೂರಕ್ಕೆ ಮೂರೂ ಒಪ್ಪಿಗೆಯಾಗುತ್ತಿರಲಿಲ್ಲ. ಅವರನ್ನು ಕೊಲ್ಲುತ್ತಿದ್ದ ಸರ್ಕಾರ ಅಮೆರಿಕಕ್ಕೆ ಬೇಕಾದ ಸರ್ಕಾರವಾಗಿತ್ತಲ್ಲ! ಚರ್ಚುಗಳು ಕೋರ್ಟಿಗೆ ಹೋಗಿ 1991ರಲ್ಲಿ ರಾಜಿಯಾದ ಮೇಲೆಯೇ ಆ ಅರ್ಜಿಗಳನ್ನು ಮತ್ತೆ ವಿಚಾರಿಸಲು ಸರ್ಕಾರ ಒಪ್ಪಿದ್ದು. ಇದನ್ನು ಓದಿಕೊಂಡಿದ್ದೆ. ಆ ದಿನ ಎದುರಿಗೆ ಕೂತು ಕೇಳಿದಾಗ ಮಾತ್ರ ಕೈ ಟೈಪ್ ಮಾಡಲು ಒಪ್ಪಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಪುಟ ತುಂಬಿತ್ತು. ಸಹಿಗೆ ಮುಂಚೆ ಅರ್ಜಿಯನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಪೂರ್ತಿ ಓದಿ ಹೇಳಬೇಕು, ಅದು ನಿಯಮ. ಟೀಚರ್ ಓದುತ್ತಾ ಹೋದರು, ಹುಡುಗಿ ಹೇಳುತ್ತಾ ಹೋದಳು. ಒಂದು ಕಡೆ ಆಕೆ ಕೈ ಎತ್ತಿ ತಡೆದರು. 'ಮೇ ತಿಂಗಳಲ್ಲಿ ನಾನು ಮನೆಯಲ್ಲೇ ಇದ್ದೆ ಅಂತಿದ್ದಾರೆ' ಅಂದಳು ಹುಡುಗಿ.

ನನ್ನ ಎದೆ ಧಸಕ್ಕೆಂದಿತು. ಅಮೆರಿಕದೊಳಕ್ಕೆ ಬಂದದ್ದು ಡಿಸೆಂಬರ್ ಐದಕ್ಕೆ ಅಂತ ಅವರು ಹೇಳಿದ್ದರು. ನಾನು ನಮ್ಮ ಅಭ್ಯಾಸದಲ್ಲಿ 05/12/2018 ಅಂತ ಹೊಡೆದಿದ್ದೆ. ಇಲ್ಲಿಯವರು ತಿಂಗಳನ್ನು ಮೊದಲು ಬರೆಯುತ್ತಾರೆ. ಅಲ್ಲಿಗೆ ಅದು ಮೇ ಹನ್ನೆರಡು. ಬಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಆಶ್ರಯದ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೆ. ಮೇ ತಿಂಗಳಿಂದ ಲೆಕ್ಕ ಹಾಕಿದರೆ ವರ್ಷ ದಾಟಿ ನಾಲ್ಕು ತಿಂಗಳಾಗಿತ್ತು. ಆಮೇಲೆ ತಿದ್ದಲು ಹೋದರೆ, ಮೊದಲು ಒಂದು ಹೇಳಿ ಈಗ ಇನ್ನೊಂದು ಹೇಳುತ್ತೀರಾ ಅನ್ನುವ ಅನುಮಾನ ಬೇರೆ. ನಾನು ಕಂಪನಿ ವೀಸಾದಲ್ಲಿ ಇರುವವನು. ನನ್ನ ಕಾಗದದಲ್ಲಿ ತಾರೀಖು ತಪ್ಪಿದರೆ ಸರಿಮಾಡಲು ಜನ ಇದ್ದಾರೆ. ಇವರಿಗೆ ಯಾರಿದ್ದರು?

ತಾರೀಖು ಅಷ್ಟು ಖಚಿತವಾಗಿ ಹೇಗೆ ಗೊತ್ತು ಅಂತ ವಕೀಲರು ವಿಚಾರಿಸಿದರು. ಊರಿನ ದೊಡ್ಡ ಹಬ್ಬ ನವೆಂಬರ್ ಒಂದಕ್ಕೆ. ಮಾರನೇ ದಿನ ಸಮಾಧಿಗಳ ಹತ್ತಿರ ಹೋಗುವುದು. ಅದಾಗಿ ಎರಡು ದಿನಕ್ಕೆ ಹೊರಟರು. ದಾರಿಯಲ್ಲಿ ದಿನಗಳನ್ನು ಒಂದೊಂದಾಗಿ ಎಣಿಸಿದರು. ಮೂವತ್ತೊಂದನೇ ದಿನ ಅರಿಝೋನಾದ ಮರುಭೂಮಿಯಲ್ಲಿ ಗಡಿ ದಾಟಿದರು. ಇಷ್ಟು ಹೇಳಿ, ನೇಯ್ದ ಕೆಂಪು ಬಟ್ಟೆಯ ಚೀಲದಿಂದ ಮಡಿಸಿಟ್ಟ ಒಂದು ಬಸ್ ಟಿಕೆಟ್ ತೆಗೆದರು. ಫೀನಿಕ್ಸ್‌ನಿಂದ ಲಾಸ್ ಏಂಜಲೀಸ್‌ಗೆ, ಡಿಸೆಂಬರ್ 7. ಮಡಿಕೆ ಬಿದ್ದಲ್ಲೆಲ್ಲ ಅಕ್ಷರ ಮಾಸಿತ್ತು. ತಾರೀಖು ಇನ್ನೂ ಕಾಣುತ್ತಿತ್ತು. ವಕೀಲರು ಎರಡೂ ಕೈಯಿಂದ ಹಿಡಿದು ಅದರ ಫೋಟೋ ತೆಗೆದುಕೊಂಡರು.

ನಾನು ಕ್ಷಮೆ ಕೇಳಿದೆ. ಅದೂ ಎರಡು ಭಾಷೆ ದಾಟಿ ಅವರನ್ನು ತಲುಪಿತು. ಆಕೆ ಏನೋ ಅಂದರು. 'ಚಿಕ್ಕಮ್ಮ ಆ ಸಾಲನ್ನು ಇನ್ನೊಂದು ಸಲ ಓದಿ ಅಂತಿದ್ದಾರೆ' ಅಂದಳು ಹುಡುಗಿ. ತಿದ್ದಿದೆ, ಹೊಸ ಪುಟ ಪ್ರಿಂಟ್ ಮಾಡಿ ತಂದೆ. ಟೀಚರ್ ಓದಿದರು, ಹುಡುಗಿ ಹೇಳಿದಳು. ಆಕೆ ಆ ಅಂಕಿಗಳ ಮೇಲೆ ಬೆರಳಿಟ್ಟು, ಹನ್ನೆರಡು ಯಾವುದು, ಐದು ಯಾವುದು ಅಂತ ಕೇಳಿ ತಿಳಿದುಕೊಂಡರು. ಆಮೇಲೆ ಪೆನ್ನು ತೆಗೆದುಕೊಂಡರು.