ಬಿಚ್ಚಿ ನೋಡೋಣ ಬನ್ನಿ

ಹನ್ನೊಂದು ವರ್ಷ ದುಡಿದ ನನ್ನ ಲ್ಯಾಪ್‌ಟಾಪ್ ಕಳೆದ ಚಳಿಗಾಲದಲ್ಲಿ ಕೈಕೊಟ್ಟಿತು. ಆನ್ ಮಾಡಿದ ಹತ್ತೇ ನಿಮಿಷಕ್ಕೆ ಫ್ಯಾನ್ ಜೋರಾಗಿ ಕೂಗುತ್ತಿತ್ತು, ಆಮೇಲೆ ತಾನಾಗೇ ಆಫ್. ಇಲ್ಲಿನ ಒಂದು ಅಂಗಡಿಗೆ ತಗೊಂಡು ಹೋದೆ. ಬರೀ ಬಿಚ್ಚಿ ನೋಡುವುದಕ್ಕೆ ಅವರು ಕೇಳಿದ ಕೂಲಿಗೆ ನಮ್ಮ ಮನೆಗೆ ಎರಡು ವಾರದ ದಿನಸಿ ಬರುತ್ತಿತ್ತು. "ಹೊಸದು ತಗೊಳ್ಳೋದೇ ಒಳ್ಳೇದು" ಅಂದರು. ಸುಮ್ನೆ ವಾಪಸ್ ಬಂದೆ. ಬೆಂಗಳೂರಲ್ಲಿ ಇದ್ದಿದ್ದರೆ ನೇರ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗುತ್ತಿದ್ದೆ. ಅಲ್ಲಿ ಮೊದಲು ಸ್ಕ್ರೂಡ್ರೈವರ್ ಕೈಗೆ ಬರುತ್ತದೆ, ಆಮೇಲೆ "ಏನಾಗಿದೆ ಸರ್" ಎಂಬ ಮಾತು.

ನಾವಿರುವುದು ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ. ಪಕ್ಕದ ಮನೆಯಾಕೆ "ರಿಪೇರ್ ಕೆಫೆಗೆ ಹೋಗಿ" ಅಂದಾಗ ಅದೇನೋ ಕಾಫಿ ಅಂಗಡಿ ಅಂದುಕೊಂಡಿದ್ದೆ. ಅಲ್ಲ. ತಿಂಗಳಿಗೊಂದು ಶನಿವಾರ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ರಿಪೇರಿ ಬಲ್ಲವರು ಮೇಜು ಹಾಕಿಕೊಂಡು ಕೂರುತ್ತಾರೆ. ಕೆಟ್ಟ ಸಾಮಾನು ತಗೊಂಡು ನಾವು ಹೋಗಬೇಕು. ಕೂಲಿ ಇಲ್ಲ, ಡಬ್ಬಿಯಲ್ಲಿ ಇಷ್ಟ ಬಂದಷ್ಟು ಹಾಕಬಹುದು. ಮಾರ್ಟೀನ್ ಪೋಸ್ಟ್ಮಾ ಎಂಬ ಪತ್ರಕರ್ತೆ 2009ರ ಅಕ್ಟೋಬರ್‌ನಲ್ಲಿ ಆಂಸ್ಟರ್‌ಡ್ಯಾಮಿನಲ್ಲಿ ಶುರು ಮಾಡಿದ್ದು ಇದು. ಈಗ ಎಷ್ಟೋ ದೇಶಗಳಲ್ಲಿ ನಡೆಯುತ್ತಿದೆ. ನಮ್ಮೂರಿನದ್ದು ಇನ್ನೊಂದು ಭಾಗ್ಯ: ಫಿಲಿಪ್ಸ್ ಕಂಪನಿ 1891ರಲ್ಲಿ ಹುಟ್ಟಿದ್ದು ಇಲ್ಲೇ. ಬೆಸುಗೆ ಹಾಕಲು ಬರುವ ಅಜ್ಜಂದಿರಿಗೆ ಇಲ್ಲಿ ಬರವಿಲ್ಲ.

ಅಲ್ಲಿ ಸಾಮಾನು ಕೊಟ್ಟು, ಚೀಟಿ ತಗೊಂಡು ಹೋಗುವ ಹಾಗಿಲ್ಲ. ಪಕ್ಕದಲ್ಲಿ ಕೂತು ಕೈಜೋಡಿಸಬೇಕು. ನನಗೆ ಸಿಕ್ಕ ಅಜ್ಜ ಸ್ಕ್ರೂಡ್ರೈವರನ್ನು ನನ್ನ ಕೈಗೇ ಕೊಟ್ಟರು. ಒಂದು ಬಿಳಿ ಹಾಳೆಯ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಬರೆದು, ಬಿಚ್ಚಿದ ಸ್ಕ್ರೂಗಳನ್ನು ಅದದೇ ಜಾಗದಲ್ಲಿ ಟೇಪ್ ಹಾಕಿ ಅಂಟಿಸಿದರು. ಉದ್ದದ ಸ್ಕ್ರೂವನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಬೋರ್ಡಿಗೇ ತೂತು ಬೀಳಬಹುದಂತೆ. ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆಸಿದರು. ಫ್ಯಾನ್ ಎತ್ತಿದರೆ, ಅದರ ಹಿಂದಿನ ತಾಮ್ರದ ಜಾಲರಿಯ ಮೇಲೆ ಬೂದು ಬಣ್ಣದ ಕಂಬಳಿ! ಹನ್ನೊಂದು ವರ್ಷದ ಧೂಳು ಒತ್ತೊತ್ತಾಗಿ ಕೂತಿತ್ತು. ಚಿಮುಟದಲ್ಲಿ ಎಳೆದರೆ ಒಂದೇ ತುಂಡಾಗಿ ಎದ್ದು ಬಂತು. ಪ್ರೊಸೆಸರಿನ ಬಿಸಿಯನ್ನು ಹೊರಗೆ ಸಾಗಿಸಲು ಅದರ ಮೇಲೆ ಹಚ್ಚುವ ಥರ್ಮಲ್ ಪೇಸ್ಟ್ ಹಳೇ ಗೋಡೆಯ ಸುಣ್ಣದ ಹಾಗೆ ಉದುರುತ್ತಿತ್ತು. ಅದನ್ನು ಒರೆಸಿ, ಹೊಸದನ್ನು ಒಂದು ಬಟಾಣಿ ಕಾಳಿನಷ್ಟು ಹಾಕಿದೆವು. ಅಷ್ಟೇ ಕೆಲಸ. ಕಸಕ್ಕೆ ಹೋಗಲಿದ್ದ ಯಂತ್ರ ಉಸಿರಾಡಿತು. ಅವತ್ತು ನನಗಾದ ಖುಷಿ ಹೊಸ ಲ್ಯಾಪ್‌ಟಾಪ್ ತಂದಿದ್ದರೂ ಆಗುತ್ತಿರಲಿಲ್ಲ.

ಉಳಿದದ್ದು ಮನೆಯಲ್ಲೇ ಮಾಡಿದೆ. ತಿರುಗುವ ಹಾರ್ಡ್ ಡಿಸ್ಕ್ ತೆಗೆದು, ತಿರುಗುವ ಭಾಗವೇ ಇಲ್ಲದ, ಹೆಚ್ಚು ವೇಗದ ಎಸ್‌ಎಸ್‌ಡಿ ಹಾಕಿದೆ. ಹಳೇ ಕಂಪ್ಯೂಟರಿಗೆ ಇದಕ್ಕಿಂತ ಒಳ್ಳೇ ಮದ್ದು ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು, ವಿಂಡೋಸ್ 11 ಇಷ್ಟು ಹಳೇ ಪ್ರೊಸೆಸರನ್ನು ಒಪ್ಪುವುದಿಲ್ಲ. ಹಾಗಾಗಿ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದೆ. ದುಡ್ಡು ಕೊಡಬೇಕಿಲ್ಲ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕಗಪ ವಿನ್ಯಾಸವೂ ಇದೆ. ಇದನ್ನು ಬರೆಯುತ್ತಿರುವುದು ಅದರಲ್ಲೇ.

ಯುರೋಪಿಯನ್ ಒಕ್ಕೂಟ 2024ರಲ್ಲಿ ರಿಪೇರಿ ಹಕ್ಕಿನ ಕಾನೂನು ತಂದಿದೆ. ವಾಷಿಂಗ್ ಮೆಷಿನ್, ಫ್ರಿಜ್, ಫೋನ್‌ಗಳನ್ನೆಲ್ಲ ವಾರಂಟಿ ಮುಗಿದ ಮೇಲೂ ತಯಾರಕರು ರಿಪೇರಿ ಮಾಡಿಕೊಡಬೇಕು. ಲ್ಯಾಪ್‌ಟಾಪನ್ನು ಆ ಪಟ್ಟಿಗೆ ಸೇರಿಸದೇ ಇದ್ದದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಇಲ್ಲಿನವರು ಕಾನೂನು ಮಾಡಿ, ಸಂಘ ಕಟ್ಟಿ ವಾಪಸ್ ತರಲು ಹೆಣಗುತ್ತಿರುವುದು ನಮ್ಮಲ್ಲಿ ಬೀದಿ ಬೀದಿಯಲ್ಲೂ ಇದೆ, ಅಲ್ವಾ? ಊರಲ್ಲಿರುವವರು ದಯವಿಟ್ಟು ಆ ಪುಟ್ಟ ಅಂಗಡಿಗಳಿಗೆ ಹೋಗುವುದನ್ನು ಬಿಡಬೇಡಿ.

ಲ್ಯಾಪ್‌ಟಾಪ್ ಸರಿಯಾದ ಮುಂದಿನ ತಿಂಗಳು ನಮ್ಮ ಮಿಕ್ಸಿ ಹೊತ್ತುಕೊಂಡು ಮತ್ತೆ ರಿಪೇರ್ ಕೆಫೆಗೆ ಹೋದೆ. ಮದುವೆಗೆ ಅಮ್ಮ ಕೊಟ್ಟಿದ್ದು. ಜಾರನ್ನು ಮೋಟರಿಗೆ ಕೂಡಿಸುವ ಕಪ್ಲರಿನ ಹಲ್ಲು ಸವೆದು, ದೋಸೆ ಹಿಟ್ಟು ರುಬ್ಬುವಾಗ ಬರೀ ಸದ್ದು ಮಾಡುತ್ತಿತ್ತು. ಹೊಸ ಕಪ್ಲರನ್ನು ನನ್ನ ತಮ್ಮ ಊರಿಂದ ಬರುವಾಗ ತಂದಿದ್ದ. ಅಜ್ಜ ಹಳೇದನ್ನು ಎಡಕ್ಕೆ ತಿರುಗಿಸಿದರು. ಜಗ್ಗಲಿಲ್ಲ. ಇನ್ನೂ ಬಿಗಿಯಾಯಿತು. "ಬಲಕ್ಕೆ ತಿರುಗಿಸಿ" ಅಂದೆ. ಮೋಟರ್ ತಿರುಗುವ ರಭಸಕ್ಕೆ ತಾನಾಗೇ ಕಳಚಬಾರದು ಅಂತ ಇದಕ್ಕೆ ಉಲ್ಟಾ ಥ್ರೆಡ್ ಇರುತ್ತದೆ. ಚಿಕ್ಕಂದಿನಲ್ಲಿ ಅಪ್ಪ ಬಿಚ್ಚುವಾಗ ನೋಡಿದ್ದೆ. ತಳದಿಂದ ಸ್ಕ್ರೂಡ್ರೈವರ್ ಹಾಕಿ ಮೋಟರಿನ ದಂಡ ಅಲುಗದಂತೆ ನಾನು ಹಿಡಿದೆ. ಅವರು ಬಲಕ್ಕೆ ತಿರುಗಿಸಿದರು. ಟಕ್ ಅಂತ ಬಿಟ್ಟುಕೊಂಡಿತು. ಅಜ್ಜ ಕನ್ನಡಕ ಮೇಲೇರಿಸಿ, ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡರು. ಆಮೇಲೆ ಪಕ್ಕದ ಮೇಜಿನವರನ್ನೂ ಕರೆದು ತೋರಿಸಿದರು.